ಟವೆಲ್ ಕೆಳಗಿನ ಕೈ

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ 5:10ರ ಲೋಕಲ್. ಡೊಂಬಿವಲಿಯಲ್ಲಿ ಕಾಲಿಡಲು ಜಾಗವಿಲ್ಲ. ಥಾಣೆಯಲ್ಲಿ ರೈಲು ಬದಲಿಸಿ ವಾಶಿ. ನಮ್ಮಣ್ಣನ ಹಣ್ಣಿನ ಮಂಡಿ ತಲುಪುವಷ್ಟರಲ್ಲಿ ಹಾಪೂಸ್ ಮಾವಿನ ಪೆಟ್ಟಿಗೆಗಳು ಇಳಿದಾಗಿದ್ದವು. ಚೀಟಿ ಬರೆಯುವುದು, ಫೋನ್ ಎತ್ತುವುದು, ಕುಶಲಣ್ಣನಿಗೆ ಚಾ ತರಿಸುವುದು... ಹದಿನಾಲ್ಕು ವರ್ಷದಿಂದ ಇದೇ.

ಇವತ್ತು ಹೊಸ ತಲೆನೋವು. ಬಹರೈನಿನ ಘಾಲಿಯಾ ಮೇಡಂ ಸ್ವತಃ ಬಂದು ಕೂತಿದ್ದಾಳೆ. ಇಷ್ಟು ವರ್ಷ ಅವಳ ಪರವಾಗಿ ಖರೀದಿಗೆ ಬರುತ್ತಿದ್ದವನು ಇಲ್ಲಿಯ ಏಜೆಂಟ್ ಅನೀಶ. ಅವನನ್ನು ತೆಗೆದುಹಾಕಿದ್ದಾಳಂತೆ. ಯಾಕೆ? ಬಾಯಿ ಬಿಡುವುದಿಲ್ಲ. ಅರವತ್ತು ದಾಟಿದ ಹೆಂಗಸು. ಕಪ್ಪು ಅಬಾಯಾ, ಕಾಲಲ್ಲಿ ಸ್ಪೋರ್ಟ್ಸ್ ಶೂ, ನನಗಿಂತ ಚೆನ್ನಾದ ಹಿಂದಿ. ಹಣ್ಣಿಗಿಂತ ನನ್ನನ್ನೇ ಜಾಸ್ತಿ ನೋಡಿದಳು. ಯಾಕೋ ಸರಿ ಕಾಣಲಿಲ್ಲ.

"ಎಂತ ಉಂಟೋ ಅವಳ ತಲೆಯಲ್ಲಿ. ಒಂದು ಕಣ್ಣಿಡು ಮಾರಾಯ್ತಿ" ಎಂದ ಅಣ್ಣ.

ಎರಡೂ ಇಟ್ಟಿದ್ದೇನೆ.

ಏಪ್ರಿಲ್ 9

ಅಬ್ಬಬ್ಬಾ, ಎಂಥ ಧೈರ್ಯ ಈ ಹೆಂಗಸಿಗೆ!

ನಮ್ಮಲ್ಲಿ ಹಾಪೂಸ್ ರೇಟು ಬಾಯಲ್ಲಿ ಹೇಳುವುದಿಲ್ಲ. ದಲಾಲನೂ ಗಿರಾಕಿಯೂ ಟವೆಲ್ ಕೆಳಗೆ ಕೈ ಹಿಡಿಯುತ್ತಾರೆ. ಮೊದಲು ಹಿಡಿದ ಬೆರಳುಗಳು ಸಾವಿರ, ಆಮೇಲಿನವು ನೂರು. ಪಕ್ಕದವನಿಗೆ ಗೊತ್ತಾಗಬಾರದು. ಗಂಡಸರದೇ ಕೆಲಸ. ಇವತ್ತು ಮೇಡಂ ತೋಳು ಸರಿಸಿ ಕೈ ಚಾಚಿದಳು. ಇಡೀ ಗಲ್ಲಿ ತಿರುಗಿ ನೋಡಿತು. ಅಣ್ಣ ಟವೆಲನ್ನು ಹೆಗಲಿಗೆ ಹಾಕಿಕೊಂಡ.

"ಹೆಂಗಸರ ಕೈ ಹಿಡಿಯೋ ರಿವಾಜ್ ಇಲ್ಲ ಮೇಡಂ. ಬಾಯಲ್ಲೇ ಹೇಳಿ."

"ಬಾಯಲ್ಲಿ ಹೇಳಿದರೆ ಹತ್ತು ಜನ ಕೇಳ್ತಾರೆ" ಎಂದಳು. ನಕ್ಕಳು. ಒಂದು ಪೆಟ್ಟಿಗೆಯನ್ನೂ ಕೊಳ್ಳದೆ ಎದ್ದು ಹೋದಳು.

ಏಪ್ರಿಲ್ 12, ಶನಿವಾರ

ಬೇಲಾಪುರದಲ್ಲಿ ಅವಳಿಗೆ ಏನೋ ಕೆಲಸ. ಜೊತೆಗೆ ಹೋಗಿ ಎಲ್ಲ ತಿಳಿದುಕೊಂಡು ಬಾ ಎಂದು ಅಣ್ಣ ಕಳಿಸಿದ. ಕಾರಿನಲ್ಲಿ ಅವಳೇ ಮಾತು ತೆಗೆದಳು. ಅಜ್ಜ ಮುತ್ತಿನ ವ್ಯಾಪಾರಿ. ಅವರಲ್ಲೂ ಬಟ್ಟೆಯ ಕೆಳಗೆ ಬೆರಳು ಹಿಡಿದೇ ವ್ಯಾಪಾರವಂತೆ. ಅಜ್ಜನ ತೊಡೆಯ ಮೇಲೆ ಕೂತು ಕಲಿತಿದ್ದಾಳೆ. ಅವಳಿಗೆ ಇಪ್ಪತ್ತಾರಾದಾಗ ಅಪ್ಪ ತೀರಿಹೋದ. ಹಣ್ಣಿನಂಗಡಿಯಲ್ಲಿ ತಾನೇ ಕೂತಳು. ಎರಡು ವರ್ಷ ಪೇಟೆಯಲ್ಲಿ ಒಬ್ಬನೂ ಬಟ್ಟೆಯ ಕೆಳಗೆ ಅವಳ ಕೈ ಹಿಡಿಯಲಿಲ್ಲ. ಉಳಿದ, ಅರ್ಧ ಕೊಳೆತ ಮಾಲನ್ನೇ ಆರಿಸಿ ಮಾರಿದಳಂತೆ. ಆ ಪೇಟೆಯಲ್ಲಿ ಸ್ವಂತ ಹೆಸರಲ್ಲಿ ಲೈಸೆನ್ಸ್ ಮಾಡಿಸಿದ ಮೊದಲ ಹೆಂಗಸು. ಈಗ ಮೂರು ಕೋಲ್ಡ್ ಸ್ಟೋರೇಜ್.

ಇವಳ ಹಿಂದೆ ಯಾವನೋ ಗಂಡಸು ಇದ್ದೇ ಇರುತ್ತಾನೆ. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಅದೂ ಇಷ್ಟೆಲ್ಲ ನನಗೇಕೆ ಹೇಳಬೇಕು? ಚೀಟಿ ಬರೆಯುವವಳಿಗೆ?

ಥಟ್ಟನೆ ಕೇಳಿದಳು — "ನಿನಗೆ ಬೆರಳಿನ ಲೆಕ್ಕ ಬರುತ್ತಾ?"

"ಇಲ್ಲ" ಎಂದೆ. ಸುಳ್ಳು. ಹದಿನಾಲ್ಕು ವರ್ಷ ಅಣ್ಣನ ಮೊಣಕೈ ಅಲುಗುವುದು ನೋಡಿ ನೋಡಿ ಬಂದುಬಿಟ್ಟಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ನಂಬಿದಳೋ ಇಲ್ಲವೋ.

ಅಣ್ಣನಿಗೆ ಎಲ್ಲ ವರದಿ ಒಪ್ಪಿಸಿದೆ. ಈ ಪ್ರಶ್ನೆಯೊಂದನ್ನು ಬಿಟ್ಟು. ಯಾಕೆ ಬಿಟ್ಟೆ?

ಏಪ್ರಿಲ್ 21

ಒಂಬತ್ತು ದಿನ ಪತ್ತೆಯಿರಲಿಲ್ಲ. ಪೀಡೆ ತೊಲಗಿತು ಎಂದುಕೊಂಡಿದ್ದೆ. ಇವತ್ತು ಪ್ರತ್ಯಕ್ಷ. ರತ್ನಾಗಿರಿಯ ತೋಟಗಳನ್ನೆಲ್ಲ ಸುತ್ತಿ ಬಂದಿದ್ದಾಳೆ. ಸೀಸನ್ ಪೂರ್ತಿಯ ಮಾಲು ಬೇಕಂತೆ. ಎಲ್ಲರೆದುರು ಅಣ್ಣನಿಗೆ ಹೇಳಿದಳು — "ನನ್ನ ಪರವಾಗಿ ನಿನ್ನ ತಂಗಿ ಕೈ ಹಿಡೀತಾಳೆ. ಅಣ್ಣ ತಂಗಿ ಕೈ ಹಿಡಿದರೆ ನಿಮ್ಮ ರಿವಾಜ್‌ಗೆ ತೊಂದರೆಯಾ?"

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಒಪ್ಪಿದ. ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆ ಸ್ವೀಟ್ ಬಾಕ್ಸ್ ಹಿಡಿದು ಮನೆಗೇ ಬಂದ. "ಎಷ್ಟರವರೆಗೆ ಹೋಗ್ಬಹುದು ಅಂತ ನಿನಗೆ ಹೇಳಿಯೇ ಹೇಳ್ತಾಳೆ. ಸೀದಾ ಅದನ್ನೇ ಹಿಡಿ. ಅನೀಶ ಇಷ್ಟು ವರ್ಷ ಮಾಡಿದ್ದೂ ಅದನ್ನೇ ಅಲ್ವಾ?"

ಓಹೋ. ಅನೀಶನ ಕೆಲಸ ಹೋದದ್ದು ಇದಕ್ಕೆ.

ಹೊರಡುವಾಗ ಅನುಷ್ಕಾಳ ತಲೆ ಸವರಿ, "ಸೆಕೆಂಡ್ ಇಯರ್ ಫೀಸ್ ಯಾವಾಗ?" ಎಂದ. "ಜೂನಲ್ಲಿ, ಮಾಮಾ" ಎಂದಳು ಮಗಳು. ಫೀಸು ಅವನೇ ಕಟ್ಟುವುದು. ಅವಳ ಅಪ್ಪ ತೀರಿಹೋದಾಗಿನಿಂದ ನಾವಿರುವ ಈ ಫ್ಲ್ಯಾಟೂ ಅವನದೇ. ಉಂಡ ಮನೆಗೆ ಎರಡು ಬಗೆಯುವುದೇ?

ಏಪ್ರಿಲ್ 22, ಬೆಳಿಗ್ಗೆ 6:30

ಮೇಡಂ ಕಿವಿಯಲ್ಲಿ ಹೇಳಿದಳು. ಪೆಟ್ಟಿಗೆಗೆ ಮೂರು ಸಾವಿರದ ಇನ್ನೂರು ನ್ಯಾಯವಾದ ರೇಟು. ತೀರಾ ಅಂದರೆ ಮೂರು ಸಾವಿರದ ಎಂಟುನೂರು. ನನಗೊಬ್ಬಳಿಗೇ ಹೇಳಿದ್ದು. ಗಾಳವೇ ಇದು? ಹೊರಗೆ ಬಿದ್ದರೆ ಬಾಯಿಬಿಟ್ಟವಳು ನಾನೇ ಎಂದು ಗೊತ್ತಾಗಿಬಿಡುತ್ತದೆ. ಅತ್ತ ಅಣ್ಣ ಚಾ ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದಾನೆ. ಇವಳು ಮಾಡಿನ ಕಡೆ ನೋಡಿದಂತೆ ನಟಿಸುತ್ತಿದ್ದಾಳೆ. ಇಬ್ಬರೂ ನನ್ನನ್ನು ತೂಗುತ್ತಿದ್ದಾರೆ. ಸಿಟ್ಟು ಬರುತ್ತಿದೆ. ಇಬ್ಬರ ಮೇಲೂ.

ಅದೇ ದಿನ, ಮಧ್ಯಾಹ್ನ 2

ಕೈ ಇನ್ನೂ ನೋಯುತ್ತಿದೆ. ಅಕ್ಷರ ನೆಟ್ಟಗಿಲ್ಲ.

ಅಣ್ಣ ಟವೆಲ್ ಹಾಕಿದ. ಬೆವರಿದ ಅಂಗೈ. ಸಣ್ಣವಳಿದ್ದಾಗ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದ ಕೈ. ಅವನ ಮೂರು ಬೆರಳು ಹಿಡಿದೆ. ತಲೆಯಾಡಿಸಿ ಮುಂದಿನದಕ್ಕೆ ಕಾದ. ಎರಡು ಹಿಡಿದೆ. ಅವನ ಕೈ ನಿಂತುಬಿಟ್ಟಿತು. ತಪ್ಪಾಯಿತು ಎಂದುಕೊಂಡಿರಬೇಕು. ನಾಲ್ಕು ಸಾವಿರ ಎಂಬಂತೆ ನನ್ನ ನಾಲ್ಕು ಬೆರಳು ಎಳೆದು ಹಿಡಿದ. ಬಿಡಿಸಿಕೊಂಡೆ. ಮತ್ತೆ ಮೂರು, ಮತ್ತೆ ಎರಡು. ಆಗ ಹಿಂಡಿದ. ಎಲುಬು ಮುರಿಯುವ ಹಾಗೆ. ಮುಖದಲ್ಲಿ ನಗು, "ಬೋಣಿ ಟೈಮ್ ಉಂಟು, ಬೇಗ ಬೇಗ" ಎಂದು ಸುತ್ತಲಿನವರೊಡನೆ ಮಾತು. ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ. ಮೂರು. ಎರಡು.

ಮೇಡಂ ಎದ್ದು ಪಕ್ಕದ ಮಂಡಿಯ ಕಡೆ ಎರಡು ಹೆಜ್ಜೆ ಇಟ್ಟಳು. ಅಣ್ಣ ಟವೆಲ್ ಎಳೆದು "ಸೌದಾ ಪಕ್ಕಾ" ಎಂದು ಕೂಗಿದ. ಮೂರು ಸಾವಿರದ ಇನ್ನೂರಕ್ಕೇ ವ್ಯಾಪಾರ ಕುದುರಿತು.

ನನಗೆ ಖುಷಿಯಾಯಿತು. ಹೌದು, ಆಯಿತು. ಭಯವೂ ಆಯಿತು.

ಏಪ್ರಿಲ್ 24, ಗುರುವಾರ, ಸಂಜೆ 4:30

ನಿನ್ನೆಯಿಂದ ಮಂಡಿಗೆ ಹೋಗಿಲ್ಲ. ಬರಬೇಡ ಎಂದು ಅಣ್ಣನ ಮೆಸೇಜ್.

ಬೆಳಿಗ್ಗೆ ಮೇಡಂ ಫೋನ್. ವಾಶಿಯಲ್ಲಿ ಅವಳ ಖರೀದಿ ಪೂರ್ತಿ ನಾನು ನೋಡಿಕೊಳ್ಳಬೇಕಂತೆ. ಲೈಸೆನ್ಸ್ ನನ್ನ ಹೆಸರಲ್ಲಿ. ಬೇಲಾಪುರಕ್ಕೆ ಹೋಗಿದ್ದೇ ಅದನ್ನು ವಿಚಾರಿಸಲು. "ನಾನೇ ಯಾಕೆ ಮೇಡಂ?" ಎಂದೆ. "ಕಾರಿನಲ್ಲಿ ಸುಳ್ಳು ಹೇಳಿದೆಯಲ್ಲ, ಆಗಲೇ ನಿನಗೆ ಲೆಕ್ಕ ಬರುತ್ತೆ ಅಂತ ಗೊತ್ತಾಯ್ತು. ಪ್ರಾಮಾಣಿಕಳೋ ಅಲ್ಲವೋ ಗೊತ್ತಿರಲಿಲ್ಲ" ಎಂದಳು. ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು. ಪೂರ್ತಿ ನಂಬುತ್ತೇನೆಂದಲ್ಲ. ನಾಳೆ ಹತ್ತಕ್ಕೆ ಬೇಲಾಪುರದಲ್ಲಿ ಸಹಿ.

ಈಗ ಅಣ್ಣ ಬಂದಿದ್ದಾನೆ. ಬೈಯಲಿಲ್ಲ. ಸೋಫಾ ಮೇಲೆ ಕೂತು ಮೆಲ್ಲಗೆ ಕೇಳಿದ, "ಅವಳು ನಿನಗೆ ಎಷ್ಟು ಕೊಟ್ಳು ರತ್ನ?"

"ಒಂದು ಪೈಸೆಯೂ ಇಲ್ಲ."

"ಸುಳ್ಳು ಹೇಳ್ಬೇಡ. ಮತ್ತೆ ಯಾಕೆ ಹಾಗೆ ಮಾಡಿದ್ದು?"

ಹಣ ತೆಗೆದುಕೊಂಡಿದ್ದರೆ ಕ್ಷಮಿಸುತ್ತಿದ್ದನೇನೋ. ಇದು ಅವನಿಗೆ ಅರ್ಥವೇ ಆಗುತ್ತಿಲ್ಲ, ಪಾಪ. ಚಾ ತರುತ್ತೇನೆಂದು ಒಳಗೆ ಬಂದು ಬರೆಯುತ್ತಿದ್ದೇನೆ. ಹಾಲು ಉಕ್ಕುತ್ತಿದೆ. ಫ್ಲ್ಯಾಟ್ ಬಿಡು ಎನ್ನಬಹುದು. ಫೀಸು ಕಟ್ಟುವುದಿಲ್ಲ ಎನ್ನಬಹುದು. ಎನ್ನಲಿ. ಅನುಷ್ಕಾಳಿಗೂ ಕೇಳುವ ಹಾಗೆ, ಎದುರು ನಿಂತು ಹೇಳಿಬಿಡಬೇಕು. ಅಣ್ಣಾ, ನಾಳೆಯಿಂದ ನಾನು ಟವೆಲ್‌ನ ಆಚೆ ಬದಿ—