ಹತ್ತೊಂಬತ್ತು ಪ್ರಬಂಧಗಳು

ಮಾರ್ಚ್ ೧೨, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಈ ಒಂದೇ ಉತ್ತರ. ಬೈದುಕೊಂಡಿರುತ್ತೀ, ಗೊತ್ತು. ಮಂಡಿನೋವು ಹೇಗಿದೆ? ಭಾವ ಈಗಲೂ ಬೆಳಿಗ್ಗೆ ಎದ್ದು ಮನೆ ಹಾರಿಹೋಗುವ ಹಾಗೆ ರೇಡಿಯೋ ಹಾಕುತ್ತಾರಾ?

ಇಲ್ಲಿ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವರಿಗೆ ಇಂಗ್ಲಿಷ್ ಬರವಣಿಗೆ ಕಲಿಸಿ ನನ್ನ ತಲೆ ಚಿಟ್ಟು ಹಿಡಿದಿದೆ. ಗಂಟೆಗಟ್ಟಲೆ ಹರಟುವ ಮಕ್ಕಳು, ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಗರ ಬಡಿದವರಂತೆ ಕೂರುತ್ತಾರೆ. ಅದಕ್ಕೇ ಗೈಡು ಉರು ಹೊಡೆಯುತ್ತಾರೆ. ಈ ಸಲ ‘ಮರೆಯಲಾಗದ ದಿನ’ ಎಂದು ಕೊಟ್ಟಿದ್ದೆ. ನಲವತ್ತು ಜನರಲ್ಲಿ ಹತ್ತೊಂಬತ್ತು ಮಂದಿ ತಾಯಿ ತೀರಿಕೊಂಡ ದಿನವನ್ನು ಬರೆದಿದ್ದರು, ಒಂದಕ್ಷರವೂ ಬದಲಿಲ್ಲದೆ. ನನಗೆ ಸಿಟ್ಟು ನೆತ್ತಿಗೇರಿತು. ಹತ್ತೊಂಬತ್ತಕ್ಕೂ ಸೊನ್ನೆ ಸುತ್ತಿ, ಬೇರೆ ದಿನದ ಬಗ್ಗೆ ಬರೆದುಕೊಡಿ, ಇಲ್ಲದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲ ಎಂದೆ.

ಹದಿನೆಂಟು ಮಂದಿ ಕೊಟ್ಟರು. ಒಬ್ಬಳು ಕೊಡಲಿಲ್ಲ. ಪರೀಕ್ಷೆ ತಪ್ಪಿದರೆ ಅವಳಿಗೆ ಒಂದು ವರ್ಷವೇ ದಂಡ. ಕರೆದು ಗದರಿಸಿದೆ.

“ಬೇರೆ ದಿನ ಯಾವ್ದೂ ನೆನಪಿಗೆ ಬರ್ತಿಲ್ಲ ಮೇಡಂ,” ಅಂದಳು. “ನಮ್ಮಮ್ಮ ಹೋದ ವರ್ಷ ನಿಜವಾಗ್ಲೂ ತೀರ್ಕೊಂಡ್ರು. ನಂಗೆ ಇಂಗ್ಲಿಷಲ್ಲಿ ಹೇಳೋಕೆ ಬರಲ್ಲ. ಗೈಡಲ್ಲಿ ಚೆನ್ನಾಗಿ ಬರ್ದಿದ್ರು, ಅದನ್ನೇ ಬರ್ದೆ.”

ಎದುರಿನ ಕುರ್ಚಿಯಲ್ಲಿ ಕೂರಿಸಿ, “ಮೊದಲು ನಮ್ಮ ಮಾತಲ್ಲೇ ಹೇಳಮ್ಮ,” ಎಂದೆ. ತಾಯಿ ಬಟ್ಟೆ ಹೊಲಿಯುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಕೊನೆಯ ದಿನವೂ, ಪಕ್ಕದ ಮನೆಯವರ ರವಿಕೆಗೆ ಹುಕ್ಕು ಹಾಕಿಲ್ಲ ಎಂದು ಒದ್ದಾಡಿದರಂತೆ. ಇವಳು ಮಂಚದ ಪಕ್ಕದಲ್ಲೇ ಕೂತು ಹಾಕಿ ತೋರಿಸಿದಳಂತೆ. ಅದನ್ನು ಆರು ಇಂಗ್ಲಿಷ್ ವಾಕ್ಯ ಮಾಡಲು ಒಂದು ಗಂಟೆ ಹಿಡಿಯಿತು. ತಪ್ಪುಗಳಿವೆ, ಇರಲಿ, ಅವು ಅವಳವೇ. ಸೊನ್ನೆ ಹೊಡೆದುಹಾಕಿ ಪಾಸಿನ ಅಂಕ ಕೊಟ್ಟೆ. “ನಿಮ್ಮದು ಯಾವಾಗ್ಲೂ ಇದೇ ಆಯ್ತು,” ಎಂದು ಗೊಣಗುತ್ತಲೇ ನಮ್ಮ ವಿಭಾಗದ ಮುಖ್ಯಸ್ಥರು ಸಹಿ ಹಾಕಿದರು. ಸೋಮವಾರ ಪರೀಕ್ಷೆಗೆ ಕೂರುತ್ತಾಳೆ.

ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಮಾತ್ರೆ ತಪ್ಪಿಸಬೇಡ.

ನಿನ್ನ ಬಾಯಿಬಡುಕಿ ತಂಗಿ

ಬರೆಯದೆ ಬಿಟ್ಟದ್ದು: ಅಕ್ಕ, ಪ್ರಬಂಧಗಳನ್ನು ವಾಪಸು ಕೊಟ್ಟ ದಿನ ನಾನು ತರಗತಿಯಲ್ಲಿ, “ಏನ್ರಪ್ಪಾ, ಒಂದೇ ವಾರದಲ್ಲಿ ಹತ್ತೊಂಬತ್ತು ಜನ ಅಮ್ಮಂದಿರನ್ನ ಸಾಯಿಸಿಬಿಟ್ರಲ್ಲ,” ಎಂದಿದ್ದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಂಕ ತಿದ್ದಿದೆನೇ ಹೊರತು ಆ ಮಾತಿಗೆ ಕ್ಷಮೆ ಕೇಳಲು ನನಗೆ ಇನ್ನೂ ಬಾಯಿ ಬಂದಿಲ್ಲ. ಅವತ್ತು ನನ್ನ ಮುಖವನ್ನೇ ನೋಡುತ್ತಾ ಅವಳೂ ನಕ್ಕಿದ್ದಳು.