ಬೂದುಬಣ್ಣದ ಅಕ್ಷರಗಳ ಬಾಗಿಲು

ಕೆಳವಾಡಿ,
ಉರಿಗಾಲ ನೂರ ಹದಿನೇಳು, ಐದನೆಯ ತಿಂಗಳ ಮೂವತ್ತೆಂಟನೆಯ ದಿನ

ಜಾಲಪುಟಗಳನ್ನು ಮಾಡುತ್ತಿರುವ ನಮ್ಮ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕೈತಪ್ಪೆಂದು ತಿಳಿಯಬೇಡಿ. ಮೇಲುನೆಲದ ಕಾವು ಒಂದಿಷ್ಟು ಇಳಿಯುವವರೆಗೂ ನಮ್ಮಲ್ಲಿ ತಿಂಗಳು ಮುಗಿಯುವುದಿಲ್ಲ. ಕೆಲವು ತಿಂಗಳು ಬೇಗ ಮುಗಿಯುತ್ತವೆ, ಕೆಲವು ಎಳೆಯುತ್ತವೆ. ನನ್ನ ಮಾತುಗಳಲ್ಲಿ ನಿಮಗೆ ಪರಿಚಯವಿಲ್ಲದವೂ ಬರುತ್ತವೆ. ಅದಕ್ಕೆ ಕ್ಷಮೆ ಇರಲಿ, ಬಂದಲ್ಲೇ ಅರ್ಥ ಹೇಳುತ್ತ ಹೋಗುತ್ತೇನೆ. ಈ ಕಾಗದ ಕಾಲದಲ್ಲಿ ಹಿಂದಕ್ಕೆ ಹೇಗೆ ನಡೆದು ಬರಬೇಕು ಎಂಬುದು ನನಗೂ ಗೊತ್ತಿಲ್ಲ. ಬರೆಯದೆ ಇರಲಾಗಲಿಲ್ಲ, ಅಷ್ಟೇ.

ಕೆಳವಾಡಿ ರಾಯಚೂರು ಸೀಮೆಯ ಬಂಡೆಗಳ ಅಡಿಯಲ್ಲಿ ಕೊರೆದ ಊರು. ಉರಿಗಾಲವೆಂದರೆ ಮೇಲೆ ನಿಂತು ಉಸಿರಾಡಲಾಗದ ಕಾಲ. ನೀವು ವರ್ಷ ಎನ್ನುವುದನ್ನು ನಾವು ಅದರಿಂದಲೇ ಎಣಿಸುತ್ತೇವೆ. ಆ ಕಾಲದಲ್ಲಿ ಯಾರೂ ಹೊರಗೆ ಹೋಗುವಂತಿಲ್ಲ. ಸುರಂಗದ ಗೋಡೆಗಳ ಮೇಲೆ ಅಲ್ಲಲ್ಲಿ ಬೆಳಗುವ ಪರದೆಗಳಿವೆ, ಅವಕ್ಕೆ ಗೋಡೆಪುಟ ಎನ್ನುತ್ತೇವೆ. ಇಂದು ಯಾವ ಓಣಿಗೆ ನೀರು ಬಿಡುತ್ತಾರೆ, ಯಾವ ಓಣಿಯಲ್ಲಿ ಗಾಳಿ ತೆಳುವಾಗಿದೆ, ಯಾರ ಮನೆಯಲ್ಲಿ ಕೂಸು ಹುಟ್ಟಿತು, ಎಲ್ಲವನ್ನೂ ಅಲ್ಲಿಯೇ ಓದಬೇಕು. ಜೋಳದ ರೊಟ್ಟಿಯ ಒಲೆಗಳೆಲ್ಲ ಒಂದೇ ಸಾಲಿನಲ್ಲಿರುವುದರಿಂದ, ಹೆಂಗಸರು ಸರದಿಗಾಗಿ ಕಾಯುತ್ತ ಎದುರಿನ ಗೋಡೆಪುಟ ಓದುತ್ತ ನಿಲ್ಲುತ್ತಾರೆ. ಆ ಪುಟಗಳನ್ನು ಜೋಡಿಸುವುದು ನನ್ನ ಕೆಲಸ.

ಆದರೆ ಬಾಗಿಲುಗಳ ಪುಟಗಳು ನನ್ನವಲ್ಲ, ನಿಮ್ಮವು. ಗಾಳಿಯ ಯಂತ್ರಗಳೂ ಬೆಂಕಿ ಕಂಡರೆ ತಾವಾಗಿ ಬೀಳುವ ಬಾಗಿಲುಗಳೂ ನಿಮ್ಮ ಕಾಲದಿಂದ ಬಂದವು. ಅವುಗಳ ಜೊತೆಗೆ ನೀವು ಜಾಲದಲ್ಲಿ ಹಾಕಿದ್ದ ಸೂಚನೆಗಳನ್ನೂ ನಮ್ಮ ಮುತ್ತಜ್ಜಂದಿರು ಹಾಗೆಯೇ ಎತ್ತಿ ತಂದು ಗೋಡೆಗೆ ಹಾಕಿದರು. ಪಂಚಾಯ್ತಿ ಅವಕ್ಕೆ ಹಿರಿಯರ ಪುಟ ಎಂದು ಹೆಸರಿಟ್ಟು, ಯಾರೂ ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿತು. ತಿದ್ದಲು ಅವಕಾಶ ಕೊಡಿ ಎಂದು ನಾನು ಕೇಳಿದಾಗಲೆಲ್ಲ, "ಅವ್ರು ಶ್ಯಾಣ್ಯಾರಿದ್ರವ್ವಾ, ಸುಮ್ಮ ಸುಮ್ಮಕ ಹಂಗ ಮಾಡಿರಂಗಿಲ್ಲ" ಎಂಬ ಉತ್ತರವೇ ಬರುತ್ತಿತ್ತು.

ಹೋದ ಉರಿಗಾಲದಲ್ಲಿ ಗಾಳಿಮನೆಯ ಸರದಿ ನಮಗೆ ಬಂತು. ಊರಿನ ಉಸಿರನ್ನು ಸೋಸುವ ಕೋಣೆ ಅದು. ಸೋಸುವ ಬಟ್ಟೆಯನ್ನು ಆಗಾಗ ಬದಲಿಸಬೇಕು. ಯಂತ್ರಗಳನ್ನು ನೋಡಿಕೊಳ್ಳುವ ದಾದಾಪೀರಣ್ಣ, ಬಟ್ಟೆ ಹೊಲಿಯುವ ಮುದುಕಿ ಅಮರವ್ವ ಮತ್ತು ನಾನು, ಮೂವರೇ ಒಳಗೆ ಹೋದೆವು. ಅರ್ಧ ಕೆಲಸವಾಗುವಷ್ಟರಲ್ಲಿ ಹಳೆಯ ಬಟ್ಟೆಯ ಮೂಲೆಯೊಂದು ಕಾದ ಕೊಳವೆಗೆ ತಗುಲಿ ಹೊಗೆಯಾಡಿತು. ದಾದಾಪೀರಣ್ಣ ಅದನ್ನು ತುಳಿದು ಆರಿಸಿದ. ಆದರೆ ಅಷ್ಟರಲ್ಲೇ ಬಾಗಿಲು ಧಡ್ ಎಂದು ಬಿತ್ತು, ಗಾಳಿ ಬರುವ ಕಿಂಡಿ ಮುಚ್ಚಿತು, ದೀಪ ಮಂಕಾಯಿತು.

ಬಾಗಿಲ ಪಕ್ಕ ಒಂದು ಕಬ್ಬಿಣದ ಹಿಡಿ, ಅದರ ಮೇಲೆ ಹಿರಿಯರ ಪುಟ. ಹಿಡಿ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಒಂದು ಕಡೆಗೆ ಆಡಿಸಿದರೆ ಬಾಗಿಲು ತೆರೆಯುತ್ತದೆ, ಇನ್ನೊಂದು ಕಡೆಗೆ ಆಡಿಸಿದರೆ ಬೆಂಕಿ ನಂದಿಸುವ ಅನಿಲ ಕೋಣೆ ತುಂಬುತ್ತದೆ. ಆ ಅನಿಲ ಬೆಂಕಿಯನ್ನಷ್ಟೇ ಅಲ್ಲ, ಉಸಿರನ್ನೂ ನಂದಿಸುತ್ತದೆ. ದಾದಾಪೀರಣ್ಣನಿಗೆ ಇಷ್ಟು ಗೊತ್ತಿತ್ತು. ಯಾವ ಕಡೆ ಯಾವುದು ಎಂಬುದು ಪುಟದಲ್ಲಿತ್ತು.

ಆ ಪುಟವನ್ನು ನೀವು ನೋಡಬೇಕಿತ್ತು. ಬಿಳಿಯ ಮೇಲೆ ತಿಳಿ ಬೂದುಬಣ್ಣದ ಅಕ್ಷರ, ಕೂದಲಿನಷ್ಟು ತೆಳುವು, ಸಾಸಿವೆಯಷ್ಟು ಸಣ್ಣದು. ಸಾಲುಗಳು ಗೋಡೆಯ ಈ ತುದಿಯಿಂದ ಆ ತುದಿಗೆ ಹರಿದಿದ್ದವು. ಒಂದು ಸಾಲು ಮುಗಿಸಿ ಹಿಂದಿರುಗಿದರೆ ಮುಂದಿನ ಸಾಲು ಯಾವುದೆಂದು ಕಣ್ಣಿಗೆ ತಿಳಿಯದು. ಸಾಲಿಗೂ ಸಾಲಿಗೂ ನಡುವೆ ಜಾಗವೇ ಇರಲಿಲ್ಲ. ಕನ್ನಡಕ್ಕೆ ಕೆಳಗೆ ಒತ್ತಕ್ಷರವಿದೆ, ಮೇಲೆ ಗುಡಿಸು ಇದೆ ಎಂಬುದನ್ನು ಮರೆತು ಯಾವುದೋ ಇಂಗ್ಲಿಷ್ ಪುಟದ ಅಳತೆಯನ್ನೇ ಇಟ್ಟಿದ್ದರು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕೂತಿತ್ತು.

"ತಂಗಿ, 'ಒತ್ತಿ' ಅಂತ ಐತಿ ನೋಡು. ಒತ್ತೇ ಬಿಡ್ತೀನಿ" ಎಂದು ದಾದಾಪೀರಣ್ಣ ಹಿಡಿಗೆ ಕೈ ಹಾಕಿದ.

"ತಡಿ ಅಣ್ಣಾ! ನನಗ 'ಎತ್ತಿ' ಅಂದಂಗ ಕಾಣ್ತೈತಿ. ಗೊತ್ತಿಲ್ದ ಕೈ ಹಚ್ಚಬ್ಯಾಡ."

ಅಮರವ್ವ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಹಿಂದೆ ಸರಿದಳು. "ನನಗಂತೂ ಅಕ್ಷರಾನ ಕಾಣವಲ್ದು. ಗ್ವಾಡಿಗೆ ಯಾರೋ ಬೂದಿ ಉಗ್ಗ್ಯಾರ" ಎಂದಳು.

ಪುಟವನ್ನು ಬೆರಳಿಂದ ಹಿಗ್ಗಿಸಲು ನೋಡಿದೆ. ಹಿಗ್ಗದಂತೆ ಬೀಗ ಹಾಕಿದ್ದರು. ಆಗಲೇ ಹಣೆಯ ಎರಡೂ ಬದಿ ಮಿಡಿಯತೊಡಗಿತ್ತು, ಮಾತಾಡಿದರೆ ಏದುಸಿರು ಬರುತ್ತಿತ್ತು. ಪಂಚಾಯ್ತಿಯ ಕಟ್ಟಪ್ಪಣೆ ನೆನಪಿತ್ತು. ಆದರೂ ಪುಟದ ಮೂಲೆಯಲ್ಲಿ ನನ್ನ ಗುಪ್ತಪದ ಬರೆದು ಅದರ ಉಡುಪನ್ನು ಬಿಚ್ಚಿದೆ. ಅಕ್ಷರದ ಗಾತ್ರ, ಬಣ್ಣ, ಅಂತರ ಎಲ್ಲವನ್ನೂ ಹೇಳುವ ಆಜ್ಞೆಗಳಿಗೆ ನಾವು ಉಡುಪು ಎನ್ನುತ್ತೇವೆ.

ಮೊದಲು ಬೂದುಬಣ್ಣ ತೆಗೆದು ಕಪ್ಪು ಮಾಡಿದೆ. ಮಂಕು ದೀಪದಲ್ಲೂ ಅಕ್ಷರಗಳು ಎದ್ದು ನಿಂತವು. ಗಾತ್ರ ಹೆಚ್ಚಿಸಿದರೆ ಸಾಲುಗಳು ಒಂದನ್ನೊಂದು ತುಳಿದವು, ಅದಕ್ಕೆ ಸಾಲುಗಳ ನಡುವೆ ಅಕ್ಷರದ ಎತ್ತರಕ್ಕೆ ಹತ್ತಿರ ಹತ್ತಿರ ಜಾಗ ಬಿಟ್ಟೆ. ಅಂದಕ್ಕೆಂದು ಯಾರೋ ಅಕ್ಷರಗಳನ್ನು ಬಿಡಿಬಿಡಿಯಾಗಿ ಎಳೆದಿದ್ದರಿಂದ ಒತ್ತು ತನ್ನ ಅಕ್ಷರದಿಂದ ದೂರ ಸರಿದು ಅನಾಥವಾಗಿತ್ತು. ಆ ಎಳೆತವನ್ನು ಅಳಿಸಿದೆ. ಸಾಲಿನ ಅಗಲವನ್ನು ಕತ್ತು ತಿರುಗಿಸದೆ ಓದುವಷ್ಟಕ್ಕೆ ಇಳಿಸಿದೆ. ಎರಡು ಸಲ ತಪ್ಪು ಒತ್ತಿದೆ. ಅಮರವ್ವ ನನ್ನ ಬೆನ್ನಿಗೆ ಕೈ ಇಟ್ಟು ನಿಂತಿದ್ದಳು.

ಹಿಂದಿನಿಂದ ಅವಳೇ ಓದಿದಳು. "ಹಿಡಿಯನ್ನು ಮೇಲಕ್ಕೆ ಎತ್ತಿ."

ದಾದಾಪೀರಣ್ಣ ಹಿಡಿಯಿಂದ ಕೈ ತೆಗೆದು, ಅಂಗೈಯನ್ನು ಅಂಗಿಗೆ ಒರೆಸಿಕೊಂಡ.

ಆ ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ಮಾತು ಉದ್ದವಾದರೆ ಕತ್ತರಿಸಿ ಮೂರು ಚುಕ್ಕಿ ಇಡು ಎಂದು ನಿಮ್ಮಲ್ಲಿ ಯಾರೋ ಪುಟಕ್ಕೆ ಹೇಳಿದ್ದರು. ಆ ಕಟ್ಟನ್ನೂ ಬಿಚ್ಚಿದೆ. ಬಚ್ಚಿಟ್ಟಿದ್ದ ಮಾತು ಕೆಳಗಿಳಿಯಿತು. ಹಿಡಿಯನ್ನು ಎತ್ತಿ ಹಿಡಿದಿರುವವರೆಗೆ ಮಾತ್ರ ಬಾಗಿಲು ತೆರೆದಿರುತ್ತದೆ, ಕೊನೆಯವರನ್ನು ಹೊರಗಿನಿಂದ ಬಿಡಿಸಬೇಕು.

ಹಿಡಿಗೆ ಆನಿಸಲು ಬಟ್ಟೆಯ ಸುರುಳಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಸುರುಳಿ ಅದರ ಭಾರಕ್ಕೆ ಅಪ್ಪಚ್ಚಿಯಾಯಿತು.

"ನಾ ಹಿಡ್ಕೊಂಡು ನಿಂದರ್ತೀನಿ, ನೀವಿಬ್ರು ಹೋಗ್ರಿ" ಎಂದ ದಾದಾಪೀರಣ್ಣ.

"ನಾನಽ ಮುದುಕಿ, ನಾ ಇರ್ತೀನೇಳಪಾ" ಎಂದು ಅಮರವ್ವ ಮುಂದೆ ಬಂದಳು.

"ನಿನ್ನ ಕೈಲೆ ಅದು ಏಳಂಗಿಲ್ಲ ಬೇ." ಆಮೇಲೆ ನನ್ನ ಕಡೆ ತಿರುಗಿದ. "ಹೊರಗಿನ ಪುಟಾನೂ ಹಿಂಗಽ ಇರ್ತೈತಿ ತಂಗಿ. ಅದನ್ನ ಬಿಡಿಸಾಕ ನೀನಽ ಬೇಕು. ಮಾರಿ ನೋಡ್ಕೋತ ನಿಂದ್ರಬ್ಯಾಡ, ನಡಿ."

ಅವನು ಎತ್ತಿದ. ನಾವು ನುಸುಳಿದೆವು. ಅವನ ತೋಳು ಸೋತು ಬಾಗಿಲು ಬಿದ್ದ ಸದ್ದು ಬೆನ್ನಿಗೆ ಬಡಿಯಿತು.

ಹೊರಗಿನ ಪುಟ ಇನ್ನೂ ಕೆಟ್ಟದಾಗಿತ್ತು. ಅದರಲ್ಲಿ ಅಕ್ಷರಗಳೇ ಇರಲಿಲ್ಲ, ಬರೀ ಬಿಳಿ. ಆ ಪುಟ ತನ್ನ ಅಕ್ಷರಗಳನ್ನು ನಿಮ್ಮ ಕಾಲದ ಯಾವುದೋ ದೂರದ ಗಣಕದಿಂದ ಎರವಲು ತರುತ್ತಿತ್ತು. ಅವು ಬರುವವರೆಗೆ ಏನನ್ನೂ ತೋರಿಸಬೇಡ ಎಂಬ ಆಜ್ಞೆ ಅದಕ್ಕಿತ್ತು. ಆ ಗಣಕ ಮಣ್ಣಾಗಿ ಎಷ್ಟು ಕಾಲವಾಯಿತೋ, ಪುಟ ಇನ್ನೂ ಕಾಯುತ್ತಲೇ ಇತ್ತು. ಅಮರವ್ವ ಬಾಗಿಲು ಬಡಿಯುತ್ತ, "ಪೀರಾ, ಒದರೋ! ಸುಮ್ಕ ಇರಬ್ಯಾಡ!" ಎಂದು ಕೂಗುತ್ತಿದ್ದಳು. ಮೊದಮೊದಲು ಒಳಗಿನಿಂದ ಗುದ್ದು ಕೇಳಿಸುತ್ತಿತ್ತು, ಆಮೇಲೆ ಕೇಳಿಸಲಿಲ್ಲ. ನಾನು ಕಾಯುವ ಆಜ್ಞೆಯನ್ನು ಅಳಿಸಿ ನಮ್ಮೂರಿನ ಅಕ್ಷರಗಳನ್ನು ಕೊಟ್ಟೆ. ಮೊದಲು ಖಾಲಿ ಚೌಕಗಳ ಸಾಲು ಕಂಡಿತು. ಎರಡನೆಯ ಸಲಕ್ಕೆ ಕನ್ನಡ ಬಂತು. ಬಾಗಿಲ ಎರಡೂ ಬದಿ ಇದ್ದ ಚಕ್ರಗಳಲ್ಲಿ ಎಡಗಡೆಯದನ್ನು ತಿರುಗಿಸಬೇಕಿತ್ತು. ತಿರುಗಿಸಿದೆವು.

ದಾದಾಪೀರಣ್ಣ ಹಿಡಿಯ ಕೆಳಗೆ ಬಿದ್ದಿದ್ದ. ಉಸಿರಿತ್ತು. ಬದುಕಿದ. ನಡೆಯುತ್ತಾನೆ, ಯಂತ್ರದ ಸದ್ದು ಕೇಳಿಯೇ ಅದರ ರೋಗ ಹೇಳುತ್ತಾನೆ. ಆದರೆ ಉಸಿರುಗಟ್ಟಿದ ಆ ಹೊತ್ತಿನಲ್ಲಿ ಅವನ ಓದು ಹೋಗಿಬಿಟ್ಟಿದೆ. ಅಕ್ಷರ ಒಂದೊಂದಾಗಿ ಕಾಣುತ್ತದಂತೆ, ಕೂಡಿ ಮಾತಾಗುವುದಿಲ್ಲವಂತೆ. ಓದದವನಿಗೆ ಕೆಳವಾಡಿಯ ಪ್ರತಿ ಬಾಗಿಲೂ ಮುಚ್ಚಿದ ಬಾಗಿಲೇ. ಓಣಿಯ ತಿರುವಿನಲ್ಲಿ ಯಾರಾದರೂ ಬಂದು ಓದಿ ಹೇಳಲಿ ಎಂದು ಅವನು ನಿಂತಿರುವುದನ್ನು ನೋಡಿದಾಗ ಗಾಳಿಮನೆಯಿಂದ ಅವನನ್ನು ಹೊರತಂದೆವೋ ಇಲ್ಲವೋ ಎಂದು ನನಗೆ ಅನುಮಾನವಾಗುತ್ತದೆ.

ಪಂಚಾಯ್ತಿ ಈಗ ಎಲ್ಲ ಬಾಗಿಲ ಪುಟಗಳನ್ನೂ ತಿದ್ದಲು ಹೇಳಿದೆ, ತಿದ್ದುತ್ತಿದ್ದೇನೆ. ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೊಸ ಪರದೆಯ ಮುಂದೆ, ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ಕಣ್ಣುಗಳಿಂದ ನೋಡಿ, ಚೆಂದವಾಗಿದೆ ಎಂದು ಎದ್ದು ಹೋಗಿದ್ದೀರಿ. ನನ್ನ ಕೋರಿಕೆ ಸಣ್ಣದು. ಎದ್ದು ಹೋಗುವ ಮುಂಚೆ ಪರದೆಯ ಬೆಳಕನ್ನು ತಗ್ಗಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು, ನಿಮ್ಮ ಪುಟವನ್ನು ನೀವೇ ಓದಿ. ಜಾಲ ಕಡಿದುಹೋದಾಗ ಅದರಲ್ಲಿ ಏನು ಉಳಿಯುತ್ತದೆ, ನೋಡಿ. ಅಮರವ್ವನಂಥ ಒಬ್ಬರನ್ನು ಕರೆದು ಓದಿಸಿ, ಅವರು ತಡವರಿಸಿದಲ್ಲಿ ತಿದ್ದಿ.

ಇದನ್ನು ಬರೆಯುವಾಗ ದಾದಾಪೀರಣ್ಣ ಪಕ್ಕದಲ್ಲೇ ಕೂತಿದ್ದ. "ಯಾರಿಗೆ ಬರಿಯಾಕತ್ತಿ?" ಎಂದು ಕೇಳಿದ. ಆ ಪುಟ ಮಾಡಿದವರಿಗೆ ಎಂದೆ.

"ಅವ್ರಿಗೆ ಮುಟ್ಟತೈತೇನು?"

ಗೊತ್ತಿಲ್ಲ ಅಣ್ಣಾ ಎಂದೆ. ಅವನು ಕಾಗದದ ಮೇಲೆ ಬೆರಳಾಡಿಸಿದ.

"ಹಂಗಾರ ದೊಡ್ಡದಾಗಿ ಬರಿ" ಎಂದ.