ಬಿಚ್ಚಿದ ನಾಲ್ಕು ಚೌಕ

ಭಾನುವಾರ, ಊಟವಾದ ಮೇಲೆ

ಚೂಟಿಗೆ ಅಪ್ಪನ ಆಶೀರ್ವಾದ. ಅದು ಹೇಗೂ ಇದ್ದೇ ಇದೆ, ಅದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ. ಈ ಕಾಗದ ಸಿಟ್ಟಿನದು.

ಫೋನ್ ಮಾಡಬಹುದಿತ್ತು. ಮಾಡಿದರೆ ‘ಅಪ್ಪಾ, ಮಾತ್ರೆ ತಗೊಂಡ್ರಾ’ ಎಂದು ನೀನು ಶುರು ಮಾಡುತ್ತೀಯ. ಮಾತ್ರೆಗೆ ಉತ್ತರ ಕೊಡುವಷ್ಟರಲ್ಲಿ ನನ್ನ ಸಿಟ್ಟು ದಾರಿ ತಪ್ಪುತ್ತದೆ. ಕಾಗದದಲ್ಲಿ ನೀನು ಅಡ್ಡಬಾಯಿ ಹಾಕುವಂತಿಲ್ಲ. ಕೈಂಡ್ಲಿ ನೋಟ್ ದಟ್.

ಹೋದ ವಾರ ನೀನು ಬಂದು ಎರಡು ದಿನ ಇದ್ದೆ. ನಾನು ಕಣ್ಣಿನ ಡಾಕ್ಟರ ಹತ್ತಿರ ಕಾದು ಕೂತಿದ್ದಾಗ ನೀನು ಹೊಲಿಗೆಯ ಕೋಣೆಗೆ ಹೋಗಿದ್ದೀಯ. ಕೌದಿಗೆಂದು ಮೇಜಿನ ಮೇಲೆ ಜೋಡಿಸಿದ್ದ ಚೌಕಗಳಲ್ಲಿ ಸೊಟ್ಟಗಿದ್ದ ನಾಲ್ಕನ್ನು ಆರಿಸಿದ್ದೀಯ. ಕೈಹೊಲಿಗೆ ಬಿಚ್ಚಿ, ಮಿಷನ್ನಿನಲ್ಲಿ ನೆಟ್ಟಗೆ ಹೊಲಿದು, ಇಸ್ತ್ರಿ ತಿಕ್ಕಿ ಮತ್ತೆ ಅಲ್ಲೇ ಇಟ್ಟಿದ್ದೀಯ. ಬಸ್ಸು ಹತ್ತುವಾಗ ನಗುತ್ತಾ ಅಂದೆ: ‘ಅಪ್ಪಾ, ನಿಮ್ಮ ಸೊಟ್ಟಂಬಟ್ಟ ಎಲ್ಲಾ ಸರಿ ಮಾಡಿಟ್ಟಿದೀನಿ. ಇನ್ನು ಅಮ್ಮನ ಚೌಕದ ಪಕ್ಕ ಇಟ್ರೂ ಮಾನ ಹೋಗಲ್ಲ.’ ನಾನೂ ಪೆದ್ದನ ಹಾಗೆ ನಕ್ಕು ಕೈ ಬೀಸಿದೆ. ಮನೆಗೆ ಬಂದು ನೋಡಿದ ಮೇಲೆ ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಕೇಳು. ಆ ನಾಲ್ಕು ಚೌಕ ನನ್ನವಲ್ಲ. ನಿಮ್ಮಮ್ಮನವು. ಅವಳ ಕೈಯಿಂದ ಕೊನೆಗೆ ಬಂದವು ಅವೇ.

ನೆಟ್ಟಗಿದ್ದರೆ ಅಮ್ಮ, ಸೊಟ್ಟಗಿದ್ದರೆ ಅಪ್ಪ. ಈ ಕಾನೂನು ನಿನಗೆ ಯಾರು ಕಲಿಸಿದರು? ಮೂಲೆಗೆ ಮೂಲೆ ಕೂತಿರುವ ಚೌಕಗಳಿವೆಯಲ್ಲ, ನೀನು ಕೆನ್ನೆಗೆ ಒತ್ತಿಕೊಂಡು ‘ಅಮ್ಮಾ’ ಅಂದೆಯಲ್ಲ, ಅವುಗಳಲ್ಲಿ ಅರ್ಧಕ್ಕರ್ಧ ಈ ಕೆಳಗೆ ಸಹಿ ಮಾಡುವವನದು. ಆಗಲೇ ಹೇಳಬೇಕೆಂದಿದ್ದೆ. ನಿನ್ನ ಕಣ್ಣಲ್ಲಿ ನೀರಿತ್ತು, ಬಾಯಿ ಮುಚ್ಚಿಕೊಂಡೆ.

ಅಪ್ಪ ಸೂಜಿ ಹಿಡಿದಿದ್ದಾರೆ ಎಂದು ಅಳಿಯಂದಿರಿಗೆ ಹೇಳಿ ನಕ್ಕೆಯಂತೆ. ನಗು. ಎರಡು ವರ್ಷ ಕಾಲೇಜಿಗೆ ಮಣ್ಣು ಹೊತ್ತು, ಆಮೇಲೆ ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಕೆತ್ತಿಯೇ ಕೂದಲು ಬೆಳ್ಳಗಾದವನು ನಾನು. ಕೂದಲೆಳೆ ಆಚೀಚೆ ಆದರೆ ಮೇಸ್ತ್ರಿ ಅಚ್ಚನ್ನು ಒಲೆಗೆ ಹಾಕುತ್ತಿದ್ದ. ನನ್ನ ಕೈ ಸೊಟ್ಟ ಹೋಗು ಎಂದರೂ ಹೋಗುವುದಿಲ್ಲ.

ಈ ಕೌದಿ ಶುರುವಾದದ್ದೇ ನಿನ್ನ ಹೊಸ ಮನೆಯ ಮಂಚಕ್ಕೆಂದು. ನಿಮ್ಮಮ್ಮ ಅಲ್ಲಿಯವರೆಗೆ ಕಣ್ಣಳತೆಯಲ್ಲೇ ಕೌದಿ ಹೊಲಿದವಳು. ಈ ಸಲ ಚೌಕಕ್ಕೊಂದು ಎಂಟು ಮೂಲೆಯ ನಕ್ಷತ್ರವೇ ಬೇಕೆಂದು ಹಟ ಹಿಡಿದಳು. ಬಟ್ಟೆಯಂಗಡಿಯವನು ಅದರ ಸೂಚನೆಯ ಹಾಳೆ ಕೊಟ್ಟ, ಪೂರ್ತಿ ಇಂಗ್ಲಿಷ್. ಓದುವವನು ನಾನು, ಹೊಲಿಯುವವಳು ಅವಳು ಎಂದಾಯಿತು. ನಮ್ಮ ಇಂಗ್ಲಿಷ್ ಮೇಷ್ಟ್ರು ಇಂಪರೇಟಿವ್ ಮೂಡ್ ಎಂದು ಏನೋ ಹೇಳುತ್ತಿದ್ದರು, ಹಾಳೆಯ ತುಂಬ ಅದೇ. ಕಟ್, ಟರ್ನ್, ಜಾಯಿನ್, ರಿಪೀಟ್. ಒಂದು ಪ್ಲೀಸ್ ಇಲ್ಲ. ನಾನು ಗತ್ತಿನಿಂದ ಓದುತ್ತಿದ್ದೆ, ಅವಳು ‘ಹಾಳೆಗೇನು ಗೊತ್ತು’ ಎಂದು ತನ್ನಿಷ್ಟದಂತೆ ಹೊಲಿಯುತ್ತಿದ್ದಳು. ನಕ್ಷತ್ರದ ತುದಿಗಳೆಲ್ಲ ಮೊಂಡಾಗಿ ಕೂತ ಮೇಲೆ, ‘ರೀ, ಆ ನಾಲ್ಕನೇದನ್ನ ಇನ್ನೊಂದ್ಸಲ ಓದಿ’ ಎಂದು ಮೆತ್ತಗೆ ಕೇಳುತ್ತಿದ್ದಳು. ಹಾಗೆ ಜಗಳವಾಡುತ್ತಲೇ ಇಬ್ಬರೂ ಆ ಹಾಳೆಗೆ ಪಳಗಿದೆವು.

ಆಮೇಲೆ ಅವಳ ಬಲಗೈ ಮರಗಟ್ಟತೊಡಗಿತು. ಮೊದಲು ಬೆರಳ ತುದಿ, ಆಮೇಲೆ ಅಂಗೈ. ಲೋಟ ಎರಡು ಕೈಯಲ್ಲಿ ಹಿಡಿಯುತ್ತಿದ್ದಳು. ನಿನಗೆ ಗೊತ್ತಿಲ್ಲ. ‘ಚೂಟಿಗೆ ಹೇಳ್ಬೇಡಿ, ಕೆಲ್ಸ ಬಿಟ್ಟು ಓಡಿ ಬರ್ತಾಳೆ’ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ನೀನು ಬಂದಾಗಲೆಲ್ಲ ಸೆರಗಿನಡಿ ಕೈ ಇಟ್ಟುಕೊಂಡು ಕೂರುತ್ತಿದ್ದಳು. ಅಮ್ಮನಿಗೆ ಜಂಬ ಬಂದಿದೆ, ಅಡುಗೆಮನೆಗೆ ಅಪ್ಪನನ್ನೇ ಅಟ್ಟುತ್ತಾಳೆ ಎಂದು ನೀನು ರೇಗಿಸುತ್ತಿದ್ದೆ.

ಆಗ ನನಗೆ ಸೂಜಿ ಕೊಟ್ಟಳು. ನನ್ನ ಮೊದಲ ಚೌಕ ಅವಳದಕ್ಕಿಂತ ದೊಡ್ಡದಾಯಿತು. ಕಾದ ಕಬ್ಬಿಣ ಆರಿದಾಗ ಕುಗ್ಗುತ್ತದೆ, ಅದಕ್ಕೇ ನಾವು ಅಚ್ಚನ್ನು ಯಾವಾಗಲೂ ತುಸು ಹೆಚ್ಚಿಗೆ ಕೆತ್ತುವುದು. ಅದೇ ಅಭ್ಯಾಸದಲ್ಲಿ ಹಾಳೆಯ ಅಳತೆಗೆ ನನ್ನದೊಂದಿಷ್ಟು ಸೇರಿಸಿ ಕತ್ತರಿಸಿದ್ದೆ. ‘ಬಟ್ಟೆ ಏನ್ ಕುಲುಮೆಯಿಂದ ಬಂತಾ, ತಣ್ಣಗಾಗಿ ಸಣ್ಣದಾಗೋಕೆ?’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಕಾಯಿಲೆಯಲ್ಲಿ ಅವಳು ಅಷ್ಟು ನಕ್ಕದ್ದು ಆ ದಿನ ಮಾತ್ರ.

ಆದರೂ ಅವಳು ಪೂರ್ತಿ ಬಿಡಲಿಲ್ಲ. ನಾಲ್ಕು ಚೌಕ ನಾನೇ ಹೊಲಿಯುತ್ತೇನೆ, ಮುಟ್ಟಿದರೆ ನೋಡಿ ಎಂದಳು. ಎಡಗೈಯಲ್ಲಿ ಸೂಜಿ, ಮರಗಟ್ಟಿದ ಬಲಗೈಯಿಂದ ಬಟ್ಟೆಯನ್ನು ಮೇಜಿಗೆ ಒತ್ತಿ ಹಿಡಿಯುವುದು. ಒಂದು ಹೊಲಿಗೆ ಗಿಡ್ಡ, ಒಂದು ಉದ್ದ, ಮಧ್ಯೆ ಮಧ್ಯೆ ಗೆರೆ ಬಿಟ್ಟು ಓಡಿಹೋದದ್ದು. ಬಿಚ್ಚಿ ಹೊಲಿದುಕೊಡಲೇ ಎಂದು ಕೇಳಿದ್ದಕ್ಕೆ ಒಂದು ಹೊತ್ತು ನನ್ನ ಜೊತೆ ಮಾತು ಬಿಟ್ಟಿದ್ದಳು. ಕಟ್ಟಿಕೊಂಡ ಗಂಡನಿಗೇ ಆ ದಾರ ಮುಟ್ಟುವ ಅಧಿಕಾರ ಇರಲಿಲ್ಲ. ನಿನಗೆ ಎಲ್ಲಿಂದ ಬಂತು?

ಗೊತ್ತಿರಲಿಲ್ಲ ಎನ್ನುತ್ತೀಯ. ಗೊತ್ತಿರಲಿಲ್ಲ, ಒಪ್ಪಿದೆ. ಕೇಳಬಹುದಿತ್ತಲ್ಲ? ಅವು ನನ್ನವೇ ಆಗಿದ್ದವು ಅಂತಲೇ ಇಟ್ಟುಕೋ, ಆಗಲಾದರೂ ಬಿಚ್ಚಬಹುದಿತ್ತೇ? ಹೆಂಡತಿ ಸತ್ತವನು ಏನೋ ಸೊಟ್ಟಗೆ ಹೊಲಿದುಕೊಂಡು ಕೂತಿದ್ದಾನೆ, ಕೂತಿರಲಿ ಬಿಡು ಎನ್ನಿಸಲಿಲ್ಲವೇ? ನೀನು ಬಂದರೆ ಡಬ್ಬಿಗಳ ಜಾಗ ಬದಲಾಗುತ್ತದೆ, ನನ್ನ ಹಳೇ ಅಂಗಿಗಳು ನೆಲ ಒರೆಸುವ ಬಟ್ಟೆಯಾಗುತ್ತವೆ, ನಾನು ತುಟಿಪಿಟಕ್ಕೆನ್ನುವುದಿಲ್ಲ. ಇದಕ್ಕೆ ಅನ್ನುತ್ತೇನೆ. ಕಿತ್ತ ದಾರವನ್ನೂ ಕಸಕ್ಕೆ ಹಾಕಿ ಹೋಗಿದ್ದೀಯ. ಕಸದವನು ಅಷ್ಟರಲ್ಲಿ ಬಂದು ಹೋಗಿದ್ದ.

ಇಸ್ತ್ರಿ ಬೇರೆ. ಹಾಳೆಯಲ್ಲಿ ಸ್ಪಷ್ಟವಾಗಿದೆ, ಪ್ರೆಸ್, ಡು ನಾಟ್ ಐರನ್. ಒತ್ತಬೇಕು, ತಿಕ್ಕಬಾರದು, ತಿಕ್ಕಿದರೆ ಬಟ್ಟೆ ಹಿಗ್ಗುತ್ತದೆ. ನನ್ನ ಅರೆಬರೆ ಇಂಗ್ಲಿಷಿಗೆ ಅರ್ಥವಾದದ್ದು ಎಂ.ಎ. ಓದಿದ ನಿನಗೆ ಆಗಲಿಲ್ಲ. ಅಥವಾ ಓದಲೇ ಇಲ್ಲ. ನಿನಗೆ ಎಲ್ಲ ಮೊದಲೇ ಗೊತ್ತಲ್ಲ.

ಕೌದಿ ನಿನ್ನ ಮಂಚಕ್ಕೆ ಬರುವುದಿಲ್ಲ. ಇಲ್ಲೇ ಇರುತ್ತದೆ, ನಾನು ಹೊದೆಯುತ್ತೇನೆ. ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೆಯಲ್ಲ, ಬರುವುದು ಬೇಡ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸಮಾಧಾನವಾಗಲು ಟೈಮ್ ಬೇಕು, ಎಷ್ಟು ಎಂದು ಕೇಳಬೇಡ.

ಇಂತಿ, ಸಿಟ್ಟಿನಲ್ಲಿಯೂ ನಿನ್ನವನೇ ಆದ,
ಅಪ್ಪ

ಮರೆತಿದ್ದೆ: ಬಟ್ಟೆ ಬೆಳಕಿಗೆ ಹಿಡಿದರೆ ಅವಳ ಸೂಜಿ ಹೋದ ತೂತುಗಳು ಕಾಣುತ್ತವೆ. ನಿನ್ನ ಮಿಷನ್ ಹೊಲಿಗೆ ಬಿಚ್ಚಿ, ಭೂತಗನ್ನಡಿ ಹಿಡಿದು, ಅವೇ ತೂತುಗಳಲ್ಲಿ ದಾರ ಹಾಯಿಸುತ್ತಿದ್ದೇನೆ. ಗಿಡ್ಡದ್ದಕ್ಕೆ ಗಿಡ್ಡ, ಉದ್ದಕ್ಕೆ ಉದ್ದ, ಅವಳು ಗೆರೆ ಬಿಟ್ಟಲ್ಲಿ ನಾನೂ ಬಿಡಬೇಕು. ಇಷ್ಟು ಕಷ್ಟದ ಕೆಲಸ ಕಾರ್ಖಾನೆಯಲ್ಲೂ ಮಾಡಿರಲಿಲ್ಲ. ಮೂರು ಮುಗಿದವು. ನಾಲ್ಕನೆಯದು ಕಡುನೀಲಿ ಬಟ್ಟೆ, ನನ್ನ ಕಣ್ಣಿಗೆ ತೂತು ಸಿಗುತ್ತಿಲ್ಲ. ಡಾಕ್ಟರು ಆಪರೇಷನ್ ಆಗಲೇಬೇಕು ಎಂದಿದ್ದಾರೆ, ನಿನಗೆ ಹೇಳಿರಲಿಲ್ಲ. ಶನಿವಾರ ಬೆಳಗಿನ ಬಸ್ಸಿಗೆ ಬಾ. ತೂತು ಹುಡುಕಿ ಹೇಳು, ಹೊಲಿಯುವವನು ನಾನು. ನೆಟ್ಟಗೆ ಮಾಡೋಣ ಎಂದು ಬಾಯಿ ತೆಗೆದರೆ ಅದೇ ಬಸ್ಸಿಗೆ ವಾಪಸ್ ಕಳಿಸುತ್ತೇನೆ.